ಅಪ್‌ಡೇಟ್: ಅಮ್ಮನ ಒಸಡಿನ ಕಪ್ಪು ಮಚ್ಚೆ ಏನೆಂದು ತಿಳಿಯಿತು

ದಾವಣಗೆರೆಯಲ್ಲಿರುವ ನನ್ನ ಅಮ್ಮನ ಮೇಲ್ದವಡೆಯ ಒಸಡಿನಲ್ಲಿ ಹರಡುತ್ತಿದ್ದ ಕಪ್ಪು ಮಚ್ಚೆಯ ಬಗ್ಗೆ ಕೇಳಿದ್ದಾಗ, ಬಯಾಪ್ಸಿ ಮಾಡಿಸದೆ ಸುಮ್ಮನಿರಬೇಡಿ ಎಂದು ನೀವು ಒತ್ತಾಯಿಸಿದ್ದಿರಿ. ಎಲೆಅಡಿಕೆಯ ಕಲೆಯೆಂದು ಮೊದಲ ವೈದ್ಯರು ಬಿಟ್ಟುಬಿಟ್ಟಿದ್ದ ಆ ಮಚ್ಚೆ, ಇಲ್ಲಿನ ದಂತ ಕಾಲೇಜಿನಲ್ಲಿ ಒಂದು ತುಣುಕು ತೆಗೆದು ಎಸ್‌-100 ಹಾಗೂ ಎಚ್‌ಎಂಬಿ-45 ಎಂಬ, ಕೋಶಗಳ ಬಗೆ ಗುರುತಿಸುವ ಪರೀಕ್ಷೆಗಳಿಗೆ ಒಳಪಡಿಸಿದ ಮೇಲೆ, ಬಾಯಿಯಲ್ಲಿ ಬಹಳ ವಿರಳವಾದ ಮೆಲನೋಮಾ (ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್) ಎಂದು ಖಚಿತವಾಯಿತು. ಕುತ್ತಿಗೆಯ ಗ್ರಂಥಿಗಳಿಗಾಗಲಿ ಶ್ವಾಸಕೋಶಕ್ಕಾಗಲಿ ಹರಡಿಲ್ಲವೆಂದು ಸ್ಕ್ಯಾನ್‌ನಲ್ಲಿ ನೋಡಿಕೊಂಡು, ಬೆಂಗಳೂರಿನಲ್ಲಿ ಸುತ್ತಲಿನ ಆರೋಗ್ಯವಂತ ಅಂಚನ್ನೂ ಸೇರಿಸಿ ದವಡೆಯ ಒಂದು ಭಾಗವನ್ನು ತೆಗೆದರು. ಇದರಿಂದ ಅಂಗುಳಿನಲ್ಲಿ ಉಳಿದ ರಂಧ್ರವನ್ನು ಮುಚ್ಚಲು ಆಬ್ಚುರೇಟರ್ ಎಂಬ, ಬಾಯಿಯೊಳಗೆ ಹಾಕಿಕೊಳ್ಳುವ ಸಾಧನವನ್ನು ಕೊಟ್ಟಿದ್ದಾರೆ. ಅದಿಲ್ಲದಿದ್ದರೆ ಕುಡಿದ ನೀರು ಮೂಗಿನಿಂದ ಬರುತ್ತದೆ. ನಿನ್ನೆ ಅಮ್ಮ ಅದನ್ನು ಹಾಕಿಕೊಂಡು, ಮೆತ್ತಗೆ ಕಲಸಿದ ಮೊಸರನ್ನವನ್ನು ತಾವೇ ಉಂಡರು. ಈ ರೋಗ ಮರುಕಳಿಸುವ ಸಂಭವ ಹೆಚ್ಚಾದ್ದರಿಂದ ತಪಾಸಣೆ ಮುಂದುವರಿಯುತ್ತದೆ.