ಚೀಟಿ ಕೇಳಿದ ಅಂಗಡಿಯವರನ್ನು ಬೈಯಬೇಡಿ

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಗುಂಪಿನಲ್ಲಿ ನೀನು ಹಾಕಿದ ದೂರನ್ನು ಈಗಷ್ಟೇ ನೋಡಿದೆ. ನಿನ್ನ ತಾಯಿಗೆ, ಅಂದರೆ ನನ್ನ ಚಿಕ್ಕಮ್ಮನಿಗೆ, ಮೂರು ದಿನದಿಂದ ಜ್ವರ, ಹಾಸನದ ಬಸ್ ನಿಲ್ದಾಣದ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಸೆಫಿಕ್ಸಿಮ್ ಎಂಬ ಆ್ಯಂಟಿಬಯೋಟಿಕ್ ಕೇಳಿದರೆ ವೈದ್ಯರ ಚೀಟಿ ಇಲ್ಲದೆ ಕೊಡುವುದಿಲ್ಲ ಎಂದರು, ಎಂಥ ಅಹಂಕಾರ, ಇನ್ನು ಯಾರೂ ಅಲ್ಲಿಗೆ ಹೋಗಬೇಡಿ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಸುಮ್ಮನಿರಲು ನನ್ನಿಂದಾಗಲಿಲ್ಲ. ಡಿ.ಫಾರ್ಮಾ ಓದಿ ವರ್ಷಗಟ್ಟಲೆ ಕೌಂಟರಿನ ಹಿಂದೆ ನಿಂತವಳು ನಾನು. ಹೋಗುವುದಿದ್ದರೆ ಆ ಅಂಗಡಿಗೇ ಹೋಗಿ ಎನ್ನುತ್ತೇನೆ.

ಸೆಫಿಕ್ಸಿಮ್ ಎಚ್1 ಪಟ್ಟಿಯ ಔಷಧ, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರಬಾರದ್ದು. 2014ರಿಂದ ಈ ಪಟ್ಟಿ ಜಾರಿಯಲ್ಲಿದೆ. ಮಾರಿದವರು ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಎಷ್ಟು ಕೊಟ್ಟೆವು ಎಂಬುದನ್ನೆಲ್ಲ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಂಡಿರಬೇಕು. ಚೀಟಿಯೇ ಇಲ್ಲದಿದ್ದರೆ ಅವರು ಏನೆಂದು ಬರೆಯಬೇಕು? ಬಂದ ಗಿರಾಕಿಯನ್ನು, ಕೈಗೆ ಬರುವ ದುಡ್ಡನ್ನು ಬಿಟ್ಟು ಇಲ್ಲ ಎಂದ ಮನುಷ್ಯನಿಗೆ ನಿನ್ನ ತಾಯಿಯ ಮೇಲೆ ಕಾಳಜಿ ಇತ್ತು.

ತಕರಾರಿಲ್ಲದೆ ಕೊಡುವ ಅಂಗಡಿಯನ್ನೂ ನಾನು ನೋಡಿದ್ದೇನೆ. ಹೆಸರು ಬೇಡ. ಸಕಲೇಶಪುರ, ಆಲೂರು ಕಡೆಯ ತೋಟಗಳಿಂದ ಬಂದ ಕೂಲಿಯವರು ಮೈಕೈ ನೋವು ಎಂದರೆ ಸಾಕು, ಡಬ್ಬಿಗಳಿಂದ ಬಿಡಿ ಮಾತ್ರೆಗಳನ್ನು ತೆಗೆದು ಕಾಗದದ ಪೊಟ್ಟಣಕ್ಕೆ ಹಾಕಿ ಕೊಡುತ್ತಿದ್ದರು. ಪೊಟ್ಟಣದ ಮೇಲೆ ಹೆಸರಿಲ್ಲ, ಬಿಲ್ಲಿಲ್ಲ. ಬಿಳಿಯದು ನೋವಿನ ಮಾತ್ರೆ ಡೈಕ್ಲೋಫೆನಾಕ್, ಪುಟ್ಟದು ಸ್ಟೀರಾಯ್ಡ್. ಸ್ಟೀರಾಯ್ಡ್ ನುಂಗಿದವರಿಗೆ ಮಾರನೆಯ ದಿನವೇ ಹಾಯೆನಿಸುತ್ತದೆ, ಹಾಗಾಗಿ ಆ ಅಂಗಡಿಯವನ ಕೈಗುಣ ಚೆನ್ನಾಗಿದೆ ಎಂದು ಊರೆಲ್ಲ ಹೇಳುತ್ತದೆ. ತಿಂಗಳುಗಟ್ಟಲೆ ತಿಂದರೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯವಾಗಬಹುದು. ಅವರು ಆಸ್ಪತ್ರೆಗೆ ಬಂದಾಗ ಏನು ತಿಂದಿರಿ ಎಂದು ವೈದ್ಯರು ಕೇಳಿದರೆ ತೋರಿಸಲು ಆ ಕಾಗದವೂ ಇರುವುದಿಲ್ಲ. ಅಕ್ಷರ ಬಾರದವರ ನಂಬಿಕೆಯನ್ನು ಹೀಗೆ ಕಾಸು ಮಾಡಿಕೊಳ್ಳುವುದನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಒಳ್ಳೆಯ ಅಂಗಡಿಯನ್ನು ಗುರುತಿಸಬೇಕೆಂದರೆ ಕತ್ತರಿ ಹಿಡಿಯುವುದನ್ನು ನೋಡಿ. ಹತ್ತು ಮಾತ್ರೆಗಳ ಸ್ಟ್ರಿಪ್ಪಿನಲ್ಲಿ ನಾಲ್ಕು ಕೇಳಿದರೆ, ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುವ ತುದಿಯನ್ನು ಮೊದಲು ನಿಮಗೆ ತೋರಿಸುತ್ತಾರೆ, ಬ್ಯಾಚ್ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಯುತ್ತಾರೆ. ಬೆಲೆ ಆ ನಾಲ್ಕಕ್ಕೆ ಎಷ್ಟೋ ಅಷ್ಟೇ. ಬಿಡಿಯಾಗಿ ಕೊಟ್ಟೆವೆಂದು ಹೆಚ್ಚು ತೆಗೆದುಕೊಳ್ಳುವಂತಿಲ್ಲ, 2013ರ ಬೆಲೆ ನಿಯಂತ್ರಣ ಆದೇಶದಲ್ಲೇ ಹಾಗಿದೆ. ವೈದ್ಯರು ಬರೆದ ಕಂಪನಿಯದು ಇಲ್ಲದಿದ್ದರೆ ಅದೇ ಎಂದು ಬೇರೆಯದನ್ನು ಕೈಗೆ ತುರುಕದೆ, ವೈದ್ಯರನ್ನು ಕೇಳಿ ಬನ್ನಿ ಎನ್ನುತ್ತಾರೆ. ಇನ್ನೊಂದು ಮಾತು, ಹೆಣ್ಣುಮಕ್ಕಳು ಗಮನಿಸಿ: ನಮ್ಮದು ಸಣ್ಣ ಊರು, ಕೌಂಟರಿನ ಮುಂದೆ ನಿಂತವರಲ್ಲಿ ಅರ್ಧ ಜನ ಪರಿಚಿತರೇ. ಗರ್ಭನಿರೋಧಕ ಮಾತ್ರೆಯನ್ನೋ ಮನೋರೋಗದ ಮಾತ್ರೆಯನ್ನೋ ಹೆಸರು ಹಿಡಿದು ಒಳಗಿನ ಹುಡುಗನಿಗೆ ಕೂಗಿ ಹೇಳುವವರ ಅಂಗಡಿಗೆ ಹೋಗಲೇಬೇಡಿ.

ಈಗ ಚಿಕ್ಕಮ್ಮನ ವಿಷಯ. ಮಳೆಗಾಲ, ಮೂರು ದಿನದ ಜ್ವರ, ಡೆಂಗಿಯೂ ಇರಬಹುದು. ಡೆಂಗಿಗೆ ಸೆಫಿಕ್ಸಿಮ್ ಏನೂ ಮಾಡುವುದಿಲ್ಲ. ಮನೆಯಲ್ಲಿ ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಇದ್ದರೆ ಕೊಡಬೇಡ, ರಕ್ತಸ್ರಾವದ ಭಯವಿದೆ. ಪ್ಯಾರಸಿಟಮಾಲ್ ಮಾತ್ರ ಕೊಡು, ನೀರು ಗಂಜಿ ಕುಡಿಸು, ಇವತ್ತೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸು. ಹೊಟ್ಟೆ ನೋವು, ವಾಂತಿ, ವಸಡಿನಲ್ಲಿ ರಕ್ತ ಏನಾದರೂ ಇದೆಯೇ? ಕೇಳಿ ಕೂಡಲೇ ನನಗೆ ಫೋನ್ ಮಾಡು.