ಸುಮಾ, ಗುರುವಾರದೊಳಗೆ ಇದನ್ನು ಕೇಳಿಸಿಕೋ

ಸುಮಾ, ಚಿಕ್ಕಮ್ಮ ಮಾತನಾಡುತ್ತಿದ್ದೇನೆ. ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಬರೆದದ್ದನ್ನು ಮೂರು ಸಲ ಓದಿದೆ. ಕಿಮೋ ಮುಗಿದಿದೆ, ಮುಂದಿನ ತಿಂಗಳು ಎಡಗಡೆಯ ಸ್ತನವನ್ನು ಪೂರ್ತಿ ತೆಗೆಯುತ್ತಾರೆ, ಅದರ ಜೊತೆಗೇ ಹೊಸದಾಗಿ ಸ್ತನ ಕಟ್ಟಿಕೊಡುವ ಶಸ್ತ್ರಚಿಕಿತ್ಸೆಯೂ ಬೇಕೇ ಎಂದು ಗುರುವಾರದೊಳಗೆ ತಿಳಿಸಬೇಕಂತೆ. ಅದರ ಕೆಳಗೆ ನಿನ್ನ ದೊಡ್ಡ ಮಾವ, ಜೀವ ಉಳಿದರೆ ಸಾಕು, ಎರಡು ಮಕ್ಕಳ ತಾಯಿಗೆ ಅಲಂಕಾರ ಏಕೆ, ಇವೆಲ್ಲ ಈಗಿನ ಫ್ಯಾಶನ್ ಎಂದಿದ್ದಾನೆ. ಆಮೇಲೆ ನೀನು ಒಂದು ಅಕ್ಷರವನ್ನೂ ಬರೆಯಲಿಲ್ಲ. ಆ ಮೌನ ನನಗೆ ಗೊತ್ತು. ಅದಕ್ಕೇ ಗಂಡಸರೂ ಇರುವ ಈ ಗುಂಪಿನಲ್ಲಿಯೇ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಅಣ್ಣಾ, ಮೊದಲು ನಿನಗೆ. ನೀನು ಕೆಟ್ಟ ಮನಸ್ಸಿನಿಂದ ಹೇಳಿಲ್ಲ, ಬಲ್ಲೆ. 2016ರಲ್ಲಿ ನನ್ನ ಬಲಗಡೆಯದನ್ನು ತೆಗೆದಾಗ ಆಸ್ಪತ್ರೆಯ ವರಾಂಡದಲ್ಲಿ ನನ್ನ ಪಕ್ಕ ಕುಳಿತಿದ್ದವನು ನೀನೇ. ಆದರೆ ನಾನು ಮನೆಗೆ ಬಂದ ಮೇಲಿನದು ನಿನಗೆ ತಿಳಿಯದು. ಕೆಲಸಕ್ಕೆ ಮರಳಿದ ಮೇಲೆ ಒಂದು ದಿನ ಹತ್ತನೇ ತರಗತಿಯಲ್ಲಿ ಹೃದಯದ ಚಿತ್ರ ಬಿಡಿಸಲು ಕೈ ಎತ್ತಿದೆ. ರವಿಕೆಯೊಳಗೆ ಇಟ್ಟುಕೊಂಡಿದ್ದ ಹತ್ತಿಯ ಉಂಡೆ ಮೇಲಕ್ಕೆ ಸರಿದು ಕೊರಳೆಲುಬಿನ ಹತ್ತಿರ ಬಂದು ನಿಂತಿತು. ಗಂಟೆ ಹೊಡೆಯುವವರೆಗೂ ಮಕ್ಕಳ ಕಡೆಗೆ ತಿರುಗಲಿಲ್ಲ. ಹಲಗೆಗೇ ಮುಖ ಮಾಡಿ ಪಾಠ ಮುಗಿಸಿದೆ. ಅಂದಿನಿಂದ ಸೆರಗಿಗೆ ಎರಡು ಪಿನ್ನು, ಮೇಲೊಂದು ಶಾಲು, ಬೇಸಿಗೆಯಲ್ಲಿಯೂ. ಭುಜವನ್ನು ಒಂದೇ ಕಡೆಗೆ ಎಳೆದಂತಾಗಿ ಬೆನ್ನು ನೋಯುತ್ತಿತ್ತು. ಇದನ್ನು ಅಲಂಕಾರ ಎನ್ನಬೇಡ, ಅಣ್ಣಾ.

ಹೊಸ ಫ್ಯಾಶನ್ ಎಂದೆಯಲ್ಲ, ಅದೂ ಅಲ್ಲ. ಸ್ತನ ತೆಗೆದ ಗಾಯವನ್ನು ಬೆನ್ನಿನ ಸ್ನಾಯು ಮತ್ತು ಚರ್ಮದಿಂದ ಮುಚ್ಚುವ ಕ್ರಮವನ್ನು ಇಟಲಿಯ ತಾನ್ಸೀನಿ ಎಂಬ ವೈದ್ಯ 1906ರಲ್ಲಿಯೇ ಬರೆದಿಟ್ಟಿದ್ದ. ಇಂಪ್ಲಾಂಟ್ ಎನ್ನುವ, ಎದೆಯೊಳಗೆ ಇಡುವ ಸಿಲಿಕೋನ್ ಚೀಲವನ್ನು ಮೊದಲು ಹಾಕಿದ್ದು 1962ರಲ್ಲಿ, ಅಮೆರಿಕದ ಟೆಕ್ಸಾಸ್‌ನಲ್ಲಿ. ನಮ್ಮ ಅಜ್ಜಿಯ ಕಾಲದಲ್ಲಿಯೇ ಇದ್ದ ವಿದ್ಯೆ ನಮ್ಮ ಮನೆಯವರೆಗೆ ಬರುವುದಕ್ಕೆ ಇಷ್ಟು ದಿನ ಹಿಡಿಯಿತು.

ಸುಮಾ, ಈಗ ನಿನ್ನ ವಿಷಯ. ನೀನು ಡಾಕ್ಟರನ್ನು ಕೇಳಬೇಕಾದ ಮೊದಲ ಮಾತು, ಶಸ್ತ್ರಚಿಕಿತ್ಸೆಯ ನಂತರ ರೇಡಿಯೇಷನ್ ಖಂಡಿತ ಕೊಡುತ್ತೀರಾ ಎಂಬುದು. ಅದರ ಮೇಲೆಯೇ ಹೆಚ್ಚಿನದೆಲ್ಲ ನಿಂತಿದೆ. ಇಂಪ್ಲಾಂಟ್ ಇಟ್ಟರೆ ಅದರ ಸುತ್ತ ದೇಹ ತಾನಾಗಿ ಒಂದು ಪೊರೆ ಕಟ್ಟಿಕೊಳ್ಳುತ್ತದೆ, ಅದು ಎಲ್ಲರಿಗೂ ಆಗುವುದೇ. ರೇಡಿಯೇಷನ್ ತಗಲಿದರೆ ಆ ಪೊರೆ ಬಿಗಿದು, ಕಲ್ಲಿನಂತಾಗಿ, ನೋಯುವ ಸಂಭವ ಹೆಚ್ಚು. ಆದ್ದರಿಂದ ರೇಡಿಯೇಷನ್ ಇದೆ ಎಂದಾದರೆ ಕೆಲವು ವೈದ್ಯರು, ಸದ್ಯಕ್ಕೆ ಗಾಳಿಚೀಲದಂಥ ಎಕ್ಸ್‌ಪ್ಯಾಂಡರ್ ಇಟ್ಟು, ವಾರ ವಾರ ಸ್ವಲ್ಪ ಸ್ವಲ್ಪ ಸಲೈನ್ ತುಂಬಿಸಿ, ಚರ್ಮಕ್ಕೆ ಜಾಗ ಮಾಡಿಕೊಂಡಿರೋಣ ಎನ್ನುತ್ತಾರೆ. ಇನ್ನು ಕೆಲವರು, ರೇಡಿಯೇಷನ್ ಮುಗಿದು ಆರು ತಿಂಗಳೋ ಒಂದು ವರ್ಷವೋ ಕಳೆಯಲಿ, ಆಮೇಲೆ ನಿಮ್ಮದೇ ಮಾಂಸದಿಂದ ಕಟ್ಟೋಣ ಎನ್ನುತ್ತಾರೆ. ಅಂದರೆ ಗುರುವಾರ ನೀನು ಬೇಡವೆಂದರೂ ಬಾಗಿಲು ಮುಚ್ಚಿಹೋಗುವುದಿಲ್ಲ. ನನಗೆ ಆದದ್ದು ಹಾಗೆಯೇ, ತೆಗೆದ 14 ತಿಂಗಳ ಮೇಲೆ, 2018ರಲ್ಲಿ. ಮೊದಲ ಆಸ್ಪತ್ರೆಯಲ್ಲಿ ಇಂಥದ್ದೊಂದು ಇದೆ ಎಂದು ನನಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಆ ಸಂಕಟ ಈಗಲೂ ಆರಿಲ್ಲ. ನಿನಗೆ ಹೇಳಿದ್ದಾರೆ, ಅದೇ ದೊಡ್ಡದು. ಗುರುವಾರಕ್ಕೆ ಮೊದಲು ಪ್ಲಾಸ್ಟಿಕ್ ಸರ್ಜನ್ನರನ್ನು ಪ್ರತ್ಯೇಕವಾಗಿ ಭೇಟಿಯಾಗಬೇಕು ಎಂದು ಕೇಳು. ಕ್ಯಾನ್ಸರ್ ತೆಗೆಯುವವರು, ಹೊಸದನ್ನು ಕಟ್ಟುವವರು, ಇಬ್ಬರೂ ಒಟ್ಟಿಗೆ ಕುಳಿತು ಯೋಚಿಸಲಿ.

ಮಾಂಸ ತೆಗೆಯುವ ಬಗೆ ಮುಖ್ಯವಾಗಿ ಎರಡು. ನಮ್ಮ ತೋಟದ ವೀಳ್ಯದೆಲೆ ಬಳ್ಳಿ ನೆನಪಿಸಿಕೋ. ಬುಡ ಕೀಳದೆ ಬಳ್ಳಿಯನ್ನಷ್ಟೇ ಬಾಗಿಸಿ ಪಕ್ಕದ ಅಡಿಕೆ ಮರಕ್ಕೆ ಹಬ್ಬಿಸುತ್ತೇವಲ್ಲ, ಬೆನ್ನಿನ ಸ್ನಾಯುವನ್ನು ಕಂಕುಳ ಕೆಳಗಿನಿಂದ ಮುಂದಕ್ಕೆ ತರುವುದು ಹಾಗೆ. ಅದರ ರಕ್ತನಾಳ ಕತ್ತರಿಸುವುದಿಲ್ಲ. ಇನ್ನೊಂದು, ಬುಡಸಮೇತ ಕಿತ್ತು ಬೇರೆ ಮಣ್ಣಿನಲ್ಲಿ ನೆಡುವುದು. ಕೆಳಹೊಟ್ಟೆಯ ಚರ್ಮ ಮತ್ತು ಕೊಬ್ಬನ್ನು ಅದರ ರಕ್ತನಾಳದ ಜೊತೆ ಬಿಡಿಸಿ, ಎದೆಯ ರಕ್ತನಾಳಕ್ಕೆ ಸೂಕ್ಷ್ಮದರ್ಶಕದಡಿಯಲ್ಲಿ ಹೊಲಿಯುತ್ತಾರೆ. ಇದಕ್ಕೆ ಡೀಪ್ ಫ್ಲ್ಯಾಪ್ ಎನ್ನುತ್ತಾರೆ. ಹೊಟ್ಟೆಯ ಸ್ನಾಯುವನ್ನು ತೆಗೆಯುವುದಿಲ್ಲವಾದ್ದರಿಂದ ಮುಂದೆ ಹರ್ನಿಯಾ ಆಗುವ ಭಯ ಹಳೆಯ ವಿಧಾನಕ್ಕಿಂತ ಕಡಿಮೆ. ನನಗೆ ಮಾಡಿದ್ದು ಇದನ್ನೇ, ಎಂಟು ಗಂಟೆ ಹಿಡಿಯಿತು. ನಿನಗೆ ಎರಡೂ ಹೆರಿಗೆ ಸಿಸೇರಿಯನ್. ಆ ಗಾಯದ ಗುರುತು ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಸ್ಕ್ಯಾನ್ ಮಾಡಿ ರಕ್ತನಾಳ ಎಲ್ಲಿ ಹೇಗಿದೆ ಎಂದು ನೋಡಿಯೇ ಮುಂದುವರಿಯುತ್ತಾರೆ. ಸಕ್ಕರೆ ಮಾತ್ರ ಹತೋಟಿಯಲ್ಲಿರಲಿ, ಇಲ್ಲದಿದ್ದರೆ ಗಾಯ ಬೇಗ ಮಾಗುವುದಿಲ್ಲ.

ಮೊದಲ ರಾತ್ರಿಯನ್ನು ಹೇಳಲೇಬೇಕು. ಗಂಟೆಗೊಮ್ಮೆ ದಾದಿ ಬಂದು, ಹೊಸ ಎದೆಯನ್ನು ಬೆರಳಿನಿಂದ ಒತ್ತಿ ಬಣ್ಣ ಮರಳುತ್ತದೆಯೇ ಎಂದು ನೋಡುತ್ತಿದ್ದಳು, ಕೈಯ ಹಿಂಬದಿಯಿಂದ ಬಿಸಿ ಇದೆಯೇ ಎಂದು ಮುಟ್ಟುತ್ತಿದ್ದಳು. ಆಮೇಲೆ ಪೆನ್ನಿನಂಥ ಒಂದು ಕಡ್ಡಿಯನ್ನು ಚರ್ಮಕ್ಕೆ ತಾಗಿಸುತ್ತಿದ್ದಳು. ಪುಟ್ಟ ಪೆಟ್ಟಿಗೆಯಿಂದ ಶ್ಶು, ಶ್ಶು, ಶ್ಶು ಎಂದು ರಕ್ತ ಹರಿಯುವ ಸದ್ದು ಬರುತ್ತಿತ್ತು. ಹೊಲಿದ ರಕ್ತನಾಳ ಕಟ್ಟಿಕೊಂಡರೆ ತಕ್ಷಣ ಮತ್ತೆ ಶಸ್ತ್ರಚಿಕಿತ್ಸೆಗೆ ಒಯ್ಯಬೇಕಾಗುತ್ತದೆ, ಅದಕ್ಕೇ ಅಷ್ಟು ಎಚ್ಚರ. ಬಸಿರಿನಲ್ಲಿದ್ದಾಗ ಮಗುವಿನ ಎದೆಬಡಿತ ಕೇಳಿಸಿದ್ದರಲ್ಲ, ಅದೇ ನೆನಪಾಗಿ ಕತ್ತಲಲ್ಲಿ ಅತ್ತೆ. ದುಃಖಕ್ಕಲ್ಲ.

ತಡೆ, ಕುಕ್ಕರ್ ಕೂಗಿತು. ಒಲೆ ಆರಿಸಿ ಬಂದೆ.

ಕಷ್ಟವನ್ನೂ ಮುಚ್ಚಿಡುವುದಿಲ್ಲ. ಹೊಟ್ಟೆಯ ಹೊಲಿಗೆ ಎಳೆಯುತ್ತದೆಂದು ಒಂದು ವಾರ ಬೆನ್ನು ಬಾಗಿಸಿಯೇ ನಡೆದೆ. ರಾತ್ರಿ ಮೊಣಕಾಲ ಕೆಳಗೆ ದಿಂಬು. ಗಾಯದೊಳಗಿನ ನೀರು ಬಸಿಯುವ ಡ್ರೈನ್ ಕೊಳವೆಗಳ ಬಾಟಲಿಗಳನ್ನು ಹೊತ್ತು ತಿರುಗಬೇಕು. ಆರು ವಾರ ಭಾರ ಎತ್ತುವಂತಿಲ್ಲ, ಕೊಡಪಾನವನ್ನೂ ನಿಮ್ಮ ಚಿಕ್ಕಪ್ಪನೇ ಹೊತ್ತರು. ತೊಟ್ಟು ಒಡನೆಯೇ ಬರುವುದಿಲ್ಲ. ಕೆಲವು ತಿಂಗಳ ಮೇಲೆ ಅಲ್ಲಿಯದೇ ಚರ್ಮವನ್ನು ಮಡಚಿ ಮಾಡುತ್ತಾರೆ, ಬಣ್ಣವನ್ನು ಹಚ್ಚೆಯಿಂದ ತುಂಬುತ್ತಾರೆ. ನಾನು ಅದನ್ನು ಮಾಡಿಸಿಕೊಳ್ಳಲಿಲ್ಲ, ಅಷ್ಟು ಸಾಕೆನಿಸಿತು. ಇನ್ನು, ಅದು ನೋಡಲು ಸ್ತನ, ಮುಟ್ಟಿದರೆ ಜೋಮು. ಸ್ಪರ್ಶ ಹೆಚ್ಚು ಕಡಿಮೆ ಹೋಗಿರುತ್ತದೆ. ಒಂದು ಮಳೆಗಾಲದ ರಾತ್ರಿ ಚಳಿಗೆ ಬಿಸಿನೀರಿನ ಚೀಲವನ್ನು ಎದೆಗೆ ಅವಚಿಕೊಂಡು ಮಲಗಿದೆ. ಬೆಳಿಗ್ಗೆ ಸ್ನಾನಕ್ಕೆ ಹೋದಾಗ ನೋಡುತ್ತೇನೆ, ನಾಲ್ಕಾಣೆಯಷ್ಟು ಅಗಲದ ಬೊಬ್ಬೆ. ಸುಟ್ಟದ್ದೇ ಗೊತ್ತಾಗಿರಲಿಲ್ಲ. ಬಿಸಿಯದನ್ನು ಅಲ್ಲಿಗೆ ಎಂದೂ ತಾಗಿಸಬೇಡ.

ಅತ್ತಿಗೆ, ನೀವು ಫೋನಿನಲ್ಲಿ ಕೇಳಿದಿರಿ, ಒಳಗೆ ಕಾಯಿಲೆ ಮರುಕಳಿಸಿದರೆ ಈ ಹೊದಿಕೆಯಿಂದ ಕಾಣದೇ ಹೋಗುವುದಿಲ್ಲವೇ ಎಂದು. ನನಗೂ ಅದೇ ಭಯವಿತ್ತು. ಹೊಸದಾಗಿ ಕಟ್ಟಿದ್ದರಿಂದ ಕ್ಯಾನ್ಸರ್ ಮರಳುವ ಸಾಧ್ಯತೆ ಹೆಚ್ಚುವುದಿಲ್ಲ, ಪತ್ತೆಯಾಗುವುದೂ ತಡವಾಗುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಮರಳಿದರೆ ಹೆಚ್ಚಾಗಿ ಚರ್ಮದಲ್ಲಿಯೋ ಅದರ ಕೆಳಗೋ ಕೈಗೆ ಸಿಗುತ್ತದೆ. ಇನ್ನೊಂದು ಕಡೆಗೆ ಮ್ಯಾಮೊಗ್ರಾಂ ಎಂದಿನಂತೆ ಮಾಡಿಸಲೇಬೇಕು. ಇಂಪ್ಲಾಂಟನ್ನೇ ಆರಿಸುವುದಾದರೆ ಮೇಲ್ಮೈ ನಯವಾಗಿದೆಯೋ ಒರಟಾಗಿದೆಯೋ ಕೇಳಿಕೊಳ್ಳಿ. ಒರಟು ಮೇಲ್ಮೈಯವುಗಳ ಜೊತೆ ಲಿಂಫೋಮಾ ಎನ್ನುವ ಕ್ಯಾನ್ಸರಿನ ಅಪರೂಪದ ಒಂದು ಬಗೆಯ ನಂಟು ಕಂಡು, 2019ರಲ್ಲಿ ಅಂಥ ಕೆಲವನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು.

ರಘು, ವಿಮೆಯ ಬಗ್ಗೆ ಕೇಳಿದ್ದಿರಿ. 2018ರಲ್ಲಿ ನನ್ನ ಅರ್ಜಿಯನ್ನು ಸೌಂದರ್ಯ ಚಿಕಿತ್ಸೆ ಎಂದು ಷರಾ ಬರೆದು ಹಿಂದಕ್ಕೆ ಕಳುಹಿಸಿದರು. ಆ ಒಂದು ಪದ ಓದಿ ಎಷ್ಟು ಉರಿಯಿತೆಂದರೆ ಹೇಳಲಾರೆ. ನಿಮಗೆ ಹಾಗಾಗಬಾರದು. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಪಾಲಿಸಿಗಳಲ್ಲಿ ಯಾವುದನ್ನು ಹೊರಗಿಡಬಹುದು ಎಂಬುದಕ್ಕೆ ಎಲ್ಲರಿಗೂ ಒಂದೇ ಒಕ್ಕಣೆ ನಿಗದಿ ಮಾಡಿತು. ಸೌಂದರ್ಯ ಅಥವಾ ಪ್ಲಾಸ್ಟಿಕ್ ಸರ್ಜರಿಗೆ ಹಣವಿಲ್ಲ ಎನ್ನುವ ಷರತ್ತಿನಲ್ಲಿಯೇ, ಅಪಘಾತ, ಸುಟ್ಟ ಗಾಯ ಅಥವಾ ಕ್ಯಾನ್ಸರ್ ನಂತರದ ಪುನರ್ನಿರ್ಮಾಣ ಇದಕ್ಕೆ ಹೊರತು ಎಂದಿದೆ. ನಿಮ್ಮ ಪಾಲಿಸಿಯಲ್ಲಿ ಆ ಸಾಲನ್ನು ಹುಡುಕಿ ಗುರುತು ಮಾಡಿಕೊಳ್ಳಿ. ಕ್ಯಾನ್ಸರ್ ಚಿಕಿತ್ಸೆಯ ನಂತರದ ಪುನರ್ನಿರ್ಮಾಣ ಎಂದು ಡಾಕ್ಟರರಿಂದ ಸ್ಪಷ್ಟವಾಗಿ ಬರೆಸಿಕೊಂಡು, ಶಸ್ತ್ರಚಿಕಿತ್ಸೆಗೆ ಮೊದಲೇ ಅನುಮತಿ ಪಡೆಯಿರಿ. ಕಾಯುವ ಅವಧಿ, ಹಣದ ಮಿತಿ ಎಲ್ಲವನ್ನೂ ಆಗಲೇ ಕೇಳಿ.

ಸುಮಾ, ಇಷ್ಟೆಲ್ಲ ಹೇಳಿ ನಿನ್ನನ್ನು ಒಂದು ಕಡೆಗೆ ತಳ್ಳುತ್ತಿದ್ದೇನೆ ಎಂದುಕೊಳ್ಳಬೇಡ. ನನ್ನ ಜೊತೆ ಕಿಮೋ ತೆಗೆದುಕೊಂಡ ಒಬ್ಬರು, ಇನ್ನೊಂದು ಸಲ ಕತ್ತಿಗೆ ಮೈಯೊಡ್ಡಲಾರೆ ಎಂದು ಹಾಗೆಯೇ ಉಳಿದರು. ಹತ್ತಿಯ ದಾರದಿಂದ ಹೆಣೆದ ಹಗುರವಾದ ಕೃತಕ ಸ್ತನವನ್ನು ಬ್ರಾ ಒಳಗೆ ಇಟ್ಟುಕೊಳ್ಳುತ್ತಾರೆ, ಮನೆಯಲ್ಲಿ ಅದನ್ನೂ ತೆಗೆದಿಟ್ಟು ನಿರಾಳವಾಗಿ ಓಡಾಡುತ್ತಾರೆ. ಅವರದೂ ಸರಿಯೇ. ಬೇಕೋ ಬೇಡವೋ ನೀನು ಹೇಳು. ಅಣ್ಣನೂ ಅಲ್ಲ, ರಘುವೂ ಅಲ್ಲ, ನಾನೂ ಅಲ್ಲ.

ನಾನು ಒಪ್ಪಿಕೊಂಡದ್ದು ಯಾವ ವಿವರಣೆಯಿಂದಲೂ ಅಲ್ಲ. ಎರಡನೆಯ ಆಸ್ಪತ್ರೆಯಲ್ಲಿ ತಪಾಸಣೆಗೆ ಬಂದಿದ್ದ, ಪರಿಚಯವೇ ಇಲ್ಲದ ಹೆಂಗಸೊಬ್ಬರು ಪರದೆಯ ಹಿಂದೆ ಕರೆದೊಯ್ದು, ಬ್ಲೌಸಿನ ಗುಂಡಿ ಬಿಚ್ಚಿ, ನೋಡಿ, ಗಾಯದ ಗೆರೆ ಇಲ್ಲಿಂದ ಇಲ್ಲಿಗೆ, ಮುಟ್ಟಿ ನೋಡಿ ಎಂದರು. ಆ ಗೆರೆಯ ಮೇಲೆ ಬೆರಳಾಡಿಸಿದ್ದು ಇನ್ನೂ ನೆನಪಿದೆ. ನಾಳೆ ರಾತ್ರಿಯ ತಾಳಗುಪ್ಪದ ರೈಲಿಗೆ ಸಾಗರದಲ್ಲಿ ಹತ್ತುತ್ತೇನೆ, ಬುಧವಾರ ಬೆಳಿಗ್ಗೆ ನಿಮ್ಮ ಮನೆಯಲ್ಲಿರುತ್ತೇನೆ. ಮಕ್ಕಳು ಶಾಲೆಗೆ ಹೋದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ನನ್ನದನ್ನೂ ನೋಡು. ಡ್ರೈನ್ ಬಾಟಲಿ ಇಟ್ಟುಕೊಳ್ಳಲು ರವಿಕೆ ಕಣದಿಂದ ಹೊಲಿದ ಎರಡು ಚೀಲಗಳನ್ನು ಒಗೆದಿಟ್ಟಿದ್ದೇನೆ, ತರುತ್ತೇನೆ. ಏನು ತೀರ್ಮಾನಿಸಿದರೂ ಅವು ಬೇಕಾಗುತ್ತವೆ. ಮುಂದೆ ಗುಂಡಿ ಇರುವ ನೈಟಿ ನಾಲ್ಕು ಕೊಂಡಿಡು, ತಲೆಯ ಮೇಲಿಂದ ಹಾಕುವಂಥದ್ದು ಬೇಡ, ಕೈ ಎತ್ತಲು ಆಗುವುದಿಲ್ಲ.