‘ಡೇಂಜರಸ್ ಗೂಡ್ಸ್’: ಬರೀ ‘ಅಪಾಯಕಾರಿ’ ಅಂದರೆ ಸಾಕಾ?

ಕಲಬುರಗಿಯ ಒಂದು ಕೊರಿಯರ್ ಅಂಗಡಿಗೆ ಕನ್ನಡದಲ್ಲಿ ಬೋರ್ಡ್ ಬರೆದುಕೊಡಬೇಕಿದೆ. ವಿಮಾನದಲ್ಲಿ ಹೋಗುವ ಪಾರ್ಸೆಲ್‌ನಲ್ಲಿ ಏನಿದ್ದರೆ ಮೊದಲೇ ಹೇಳಬೇಕು ಅನ್ನುವ ಬೋರ್ಡ್. ಎರಡು ಇಂಗ್ಲಿಷ್ ಪದಗಳಿಗೆ ಸರಿಯಾದ ಕನ್ನಡ ಸಿಗದೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ‘ಡೇಂಜರಸ್ ಗೂಡ್ಸ್’. ಬರಹದಲ್ಲಿ ‘ಅಪಾಯಕಾರಿ ಸರಕು’, ಅಂಗಡಿ ಹುಡುಗರ ಬಾಯಲ್ಲಿ ಸುಮ್ನೆ ‘ಡೀಜಿ’. ತೊಂದರೆ ಏನಂದ್ರೆ, “ಅಪಾಯಕಾರಿ ವಸ್ತು ಏನರೆ ಅದಾವೇನ್ರಿ?” ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ, “ಏನಿಲ್ರಿ.” ಪಾಪ, ಅವರು ಸುಳ್ಳು ಹೇಳುತ್ತಿಲ್ಲ. ಅವರ ಲೆಕ್ಕದಲ್ಲಿ ಅಪಾಯಕಾರಿ ಅಂದರೆ ಬಾಂಬು, ಪಟಾಕಿ, ತೇಜಾಬು. ಡಬ್ಬಿ ಬಿಚ್ಚಿದರೆ ಸೆಂಟಿನ ಬಾಟಲಿ, ನೇಲ್ ಪಾಲಿಶ್, ಪವರ್ ಬ್ಯಾಂಕ್!

ಇಂಥ ಸರಕಿನಲ್ಲಿ ಒಟ್ಟು ಒಂಬತ್ತು ವರ್ಗಗಳಿವೆ. ಸ್ಪಿರಿಟ್ ಇರುವ ಸೆಂಟು 3ನೇ ವರ್ಗ, ಬೆಂಕಿ ಹತ್ತುವ ದ್ರವ. ಅದಕ್ಕೆ ಯುಎನ್ (ವಿಶ್ವಸಂಸ್ಥೆ) 1266 ಅಂತ ನಂಬರೂ ಇದೆ. ದ್ರವದ ಆವಿ 60 ಡಿಗ್ರಿ ಸೆಲ್ಸಿಯಸ್‌ನಲ್ಲೋ ಅದಕ್ಕಿಂತ ಕಡಿಮೆ ಬಿಸಿಯಲ್ಲೋ ಕಿಡಿ ತಾಗಿ ಹೊತ್ತಿಕೊಳ್ಳುವಂತಿದ್ದರೆ ಅದು ಈ ವರ್ಗಕ್ಕೆ ಬಂತು. (ನಮ್ಮ ಮೇ ತಿಂಗಳ ಬಿಸಿಲೇ 40 ದಾಟುತ್ತದೆ, ಬಿಡಿ.) ಹಾಗಾಗಿ ಬಂದೇನವಾಜ್ ದರ್ಗಾದ ಹತ್ತಿರ ಕೊಂಡ ಅತ್ತರು ಬರೀ ಎಣ್ಣೆಯದೋ, ಸ್ಪಿರಿಟ್ ಬೆರೆತದ್ದೋ ಅಂತ ಕೇಳಲೇಬೇಕು. ಪವರ್ ಬ್ಯಾಂಕಿನದು ಇನ್ನೂ ವಿಚಿತ್ರ. ಲಿಥಿಯಂ ಬ್ಯಾಟರಿ 9ನೇ ವರ್ಗ. ಬಿಡಿ ಲಿಥಿಯಂ ಅಯಾನ್ ಬ್ಯಾಟರಿಯನ್ನು (ಪವರ್ ಬ್ಯಾಂಕೂ ಇದರಲ್ಲೇ ಬಂತು) 2016ರ ಏಪ್ರಿಲ್‌ನಿಂದ ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಹಾಕುವಂತಿಲ್ಲ. ಅದೇ ಪವರ್ ಬ್ಯಾಂಕ್ 100 ವ್ಯಾಟ್-ಅವರ್ (ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತೆ ಅನ್ನುವ ಅಳತೆ) ಒಳಗಿದ್ದರೆ ಪ್ರಯಾಣಿಕರು ಕೈಚೀಲದಲ್ಲಿ ಒಯ್ಯಬಹುದು. ದಿನಾ ಜೊತೆಗಿಟ್ಟುಕೊಂಡು ತಿರುಗುವ ವಸ್ತುವನ್ನು ಯಾರು ‘ಅಪಾಯಕಾರಿ’ ಅಂತಾರೆ ಹೇಳಿ?

‘ನಿಷೇಧಿತ ವಸ್ತು’ ಅನ್ನೋದೂ ತಪ್ಪು. ಸರಿಯಾಗಿ ಪ್ಯಾಕ್ ಮಾಡಿ, ಚೀಟಿ ಅಂಟಿಸಿ, ಕಾಗದಪತ್ರ ಕೊಟ್ಟರೆ ಇವುಗಳಲ್ಲಿ ಎಷ್ಟೋ ಸರಕು ಹೋಗುತ್ತದೆ. ‘ಮೊದಲೇ ಹೇಳಬೇಕಾದ ಮಾಲು’ ಅಂತ ದೊಡ್ಡದಾಗಿ ಬರೆದು, ಕೆಳಗೆ ಸೆಂಟು, ಬ್ಯಾಟರಿ, ಪೇಂಟು ಅಂತ ಹೆಸರು ಹಾಕೋಣ ಅನಿಸಿದೆ. ‘ಮಾಲು’ ನಮ್ಮ ಕಡೆ ನಡೆಯುತ್ತದೆ. ಮೈಸೂರು ಕಡೆಯವರಿಗೆ ಒಪ್ಪಿಗೆಯಾ?

ಎರಡನೆಯದು 8ನೇ ವರ್ಗದ ‘ಕರೋಸಿವ್’, ಅಂದರೆ ಆಸಿಡ್ ಥರ ತಾಗಿದ ಚರ್ಮ, ಲೋಹವನ್ನು ಹಾಳುಮಾಡುವ ಪದಾರ್ಥ. ‘ನಾಶಕಾರಿ’ ಅಂದರೆ ಏನೂ ತಿಳಿಯುವುದಿಲ್ಲ. ‘ತುಕ್ಕು ಹಿಡಿಸುವ’ ಅಂದರೆ ಅರ್ಧ ಅರ್ಥ ಬಿಟ್ಟುಹೋಗುತ್ತದೆ. ಅದರ ಚೀಟಿ ನೋಡಿ: ಎರಡು ಗಾಜಿನ ನಳಿಗೆಯಿಂದ ದ್ರವ ಸುರಿಯುತ್ತಿದೆ, ಒಂದು ಲೋಹದ ಪಟ್ಟಿಯ ಮೇಲೆ, ಇನ್ನೊಂದು ಕೈ ಮೇಲೆ. ‘ಸುಡುವ’ ಅಂದರೆ 3ನೇ ವರ್ಗದ ಜೊತೆ ಗೊಂದಲ. ‘ಆಸಿಡ್ ಬಟ್ಟೆ ತಿಂದುಬಿಡ್ತು’ ಅಂತೀವಲ್ಲ, ಹಾಗಾಗಿ ‘ತಿನ್ನುವ’ ನನಗೆ ಇಷ್ಟ. ಆದರೆ ಬೋರ್ಡ್ ಮೇಲೆ ‘ತಿನ್ನುವ ಪದಾರ್ಥ’ ಅಂತ ಬರೆದರೆ ಜನ ಖಾರ, ಚೂಡಾ ಅಂದುಕೊಂಡಾರು! ‘ಚರ್ಮ, ಲೋಹ ತಿನ್ನುವ ದ್ರವ’ ಅಂದರೆ ಉದ್ದವಾಯ್ತಾ? ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಆಸಿಡ್ ಡ್ರಮ್ ಇಳಿಸುವವರು ಇದಕ್ಕೆ ಏನಂತಾರೆ, ಗೊತ್ತಿದ್ದವರು ತಿಳಿಸಿ.